‘ಬರೀ ಡ್ರಿಪ್ ಹಾಕಿ ಮಲಗಿಸಿದ್ದಾರೆ’ ಅನ್ನೋ ಮುಂಚೆ: ಕರುಳಿಗೆ ರಕ್ತ ಸಾಲದಾದಾಗ ಏನಾಗುತ್ತೆ?

ಸಂಚಿಕೆ ಕೇಳೋಕೆ ಸಮಯ ಇಲ್ಲದವರಿಗಾಗಿ ಬರಹ ರೂಪ ಇಲ್ಲಿದೆ.

ಇವತ್ತಿನ ವಿಷಯ ಹೊಟ್ಟೆನೋವು. ಆದರೆ ‘ರಾತ್ರಿ ಬಜ್ಜಿ ಜಾಸ್ತಿ ಆಯ್ತು’ ಅನ್ನೋ ಥರದ ಹೊಟ್ಟೆನೋವಲ್ಲ. ಕರುಳಿಗೆ ಹೋಗೋ ರಕ್ತ ಕಡಿಮೆಯಾದಾಗ ಅಥವಾ ಪೂರ್ತಿ ನಿಂತಾಗ ಬರೋ ನೋವು.

ಒಂದು ಮಾತು ಕೇಳ್ತೀನಿ. ಮನೇಲಿ ಯಾರಿಗಾದ್ರೂ ಎದೆನೋವು ಬಂದ್ರೆ ಏನ್ ಮಾಡ್ತೀರಿ? ಇಸಿಜಿ ಮಾಡಿಸ್ತೀವಿ ಅಂತೀರಿ, ಅಲ್ವಾ? ಈ ಅರಿವು ನಮ್ಮಲ್ಲಿ ಗಟ್ಟಿಯಾಗಿದ್ದಕ್ಕೆ ಒಂದು ದೊಡ್ಡ ಕಾರಣ 2021ರ ಅಕ್ಟೋಬರ್ 29. ಸದಾಶಿವನಗರದ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೃದಯಸ್ತಂಭನದಿಂದ ಹೋದರು. ಆಮೇಲೆ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತಪಾಸಣೆಗೆ ಬಂದವರ ಸಾಲನ್ನು ಎಲ್ಲರೂ ನೋಡಿದ್ದೀವಿ. 2023ರಲ್ಲಿ ರಾಜ್ಯ ಸರ್ಕಾರ ಅವರ ಹೆಸರಲ್ಲೇ ‘ಹೃದಯ ಜ್ಯೋತಿ’ ಯೋಜನೆ ಶುರು ಮಾಡಿತು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ನೋಡಿ, ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋ ವ್ಯವಸ್ಥೆ ಅದು.

ಈಗ ಸದಾಶಿವನಗರದ ಪಕ್ಕದ ವೈಯಾಲಿಕಾವಲ್‌ಗೆ ಬನ್ನಿ. ಹಳೇ ಮನೆಗಳು, ಮನೆಗೊಬ್ಬರು ಇಬ್ಬರು ಹಿರಿಯರು. ಅಂಥ ಒಂದು ಮನೇಲಿ ಎಪ್ಪತ್ತು ದಾಟಿದ ಅಜ್ಜಿಗೆ ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂತು ಅಂದ್ಕೊಳ್ಳಿ. ಮೊದಲು ಬರೋ ಮಾತು ಯಾವುದು? ‘ಗ್ಯಾಸ್ ಆಗಿರ್ಬೇಕು, ಓಮಿನ ನೀರು ಕುಡಿ.’ ಆಮೇಲೆ ಗ್ಯಾಸ್ಟ್ರಿಕ್ ಮಾತ್ರೆ. ಆಮೇಲೆ ‘ಬೆಳಿಗ್ಗೆ ನೋಡೋಣ.’ ನೂರರಲ್ಲಿ ಬಹುಪಾಲು ಸಲ ಅದು ನಿಜಕ್ಕೂ ಗ್ಯಾಸೇ ಆಗಿರುತ್ತೆ. ಆದರೆ ಅಪರೂಪಕ್ಕೆ ಒಮ್ಮೆ, ಹೃದಯದ ರಕ್ತನಾಳ ಕಟ್ಟಿಕೊಂಡ ಹಾಗೇ ಕರುಳಿನ ರಕ್ತನಾಳ ಕಟ್ಟಿಕೊಂಡಿರುತ್ತೆ. ಅಂಥ ಹೊತ್ತಲ್ಲಿ ‘ಬೆಳಿಗ್ಗೆ ನೋಡೋಣ’ ಅನ್ನೋದೇ ಪ್ರಾಣಕ್ಕೆ ಕುತ್ತು.

ಇವತ್ತು ಮೂರು ವಿಷಯ ತಿಳ್ಕೊಳ್ಳೋಣ. ಕರುಳಿಗೆ ರಕ್ತ ಯಾಕೆ ಕಡಿಮೆಯಾಗುತ್ತೆ? ಆಸ್ಪತ್ರೆಯಲ್ಲಿ ಡ್ರಿಪ್, ಆಂಟಿಬಯೋಟಿಕ್, ‘ಬಾಯಿಗೆ ಏನೂ ಕೊಡ್ಬೇಡಿ’ ಅನ್ನೋದರ ಹಿಂದಿನ ಲೆಕ್ಕ ಏನು? ಮನೆಯವರಾಗಿ ನಾವು ಏನು ಮಾಡಬೇಕು, ಏನು ಮಾಡಬಾರದು?

ಕಾಲುವೆ ಕೊನೆಯ ಗದ್ದೆ

ಮೊದಲು ಪೈಪ್‌ಲೈನ್ ಅರ್ಥ ಮಾಡ್ಕೊಳ್ಳೋಣ. ನಮ್ಮ ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್. ಸುಮ್ಮನೆ ಕೂತಿದ್ದಾಗಲೂ ಹೃದಯ ಪಂಪ್ ಮಾಡೋ ರಕ್ತದಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೊಟ್ಟೆಯ ಅಂಗಗಳಿಗೆ ಹೋಗುತ್ತೆ. ಮಲ್ಲೇಶ್ವರದಲ್ಲಿ ಬೆಣ್ಣೆ ಮಸಾಲೆ ತಿಂದು ಎದ್ದಾಗ ಈ ಪಾಲು ಇನ್ನೂ ಜಾಸ್ತಿ. ತಿಂದಿದ್ದನ್ನ ಅರಗಿಸೋಕೆ ಕರುಳಿಗೆ ಆಮ್ಲಜನಕ ಬೇಕು, ಅದನ್ನ ತರೋದು ರಕ್ತ.

ಈ ರಕ್ತ ಬರೋದು ಮುಖ್ಯವಾಗಿ ಮೂರು ಅಪಧಮನಿಗಳಿಂದ. ಒಂದು ಜಠರ, ಯಕೃತ್ತಿನ ಕಡೆಗೆ. ಇನ್ನೊಂದು, ಮೇಲಿನ ಮೆಸೆಂಟರಿಕ್ ಅಪಧಮನಿ. ಸಣ್ಣ ಕರುಳಿನ ಹೆಚ್ಚಿನ ಭಾಗ ಮತ್ತು ದೊಡ್ಡ ಕರುಳಿನ ಬಲಭಾಗ ಇದರದ್ದೇ ಜವಾಬ್ದಾರಿ. ಮೂರನೇದು ಕೆಳಗಿನ ಮೆಸೆಂಟರಿಕ್ ಅಪಧಮನಿ. ದೊಡ್ಡ ಕರುಳಿನ ಎಡಭಾಗ ಇದರ ಪಾಲು.

ಎರಡು ಅಪಧಮನಿಗಳ ವ್ಯಾಪ್ತಿ ಸೇರೋ ಜಾಗ ಇದೆಯಲ್ಲ, ಅದೇ ಸೂಕ್ಷ್ಮ. ನಾಲೆಯ ಕೊನೆ ಭಾಗದ ರೈತರ ಕಷ್ಟ ನಿಮಗೆ ಗೊತ್ತು. ಅಣೆಕಟ್ಟೆಯಲ್ಲಿ ನೀರು ತುಂಬಿದ್ದಾಗ ಅವರಿಗೂ ಬರುತ್ತೆ. ಸ್ವಲ್ಪ ಕಡಿಮೆಯಾದ್ರೂ ಮೊದಲು ಒಣಗೋದು ಅವರ ಗದ್ದೆ. ದೊಡ್ಡ ಕರುಳಿನಲ್ಲೂ ಅಂಥ ‘ಕೊನೆ ಗದ್ದೆ’ಗಳಿವೆ. ಒಂದು ಎಡ ಪಕ್ಕೆಯ ಹತ್ತಿರ, ಗುಲ್ಮದ ಪಕ್ಕ ಕರುಳು ತಿರುಗೋ ಜಾಗ. ಇನ್ನೊಂದು ಗುದನಾಳ ಶುರುವಾಗೋ ಜಾಗ. ರಕ್ತದೊತ್ತಡ ಕುಸಿದಾಗ ಮೊದಲು ಏಟು ಬೀಳೋದು ಇಲ್ಲಿಗೇ.

ಮೂರು ಥರದ ತೊಂದರೆ

ನೀರಿನ ಉದಾಹರಣೆಯನ್ನೇ ಮುಂದುವರಿಸೋಣ. ಮನೆಗೆ ನೀರು ಬರದೇ ಇರೋಕೆ ಮೂರು ಕಾರಣ ಇರಬಹುದು. ಪೈಪ್ ಕಟ್ಟಿಕೊಂಡಿರಬಹುದು, ಪಂಪಿನ ಒತ್ತಡ ಸಾಲದಿರಬಹುದು, ಇಲ್ಲವೇ ಹೊರಗೆ ಹೋಗೋ ಮೋರಿ ಕಟ್ಟಿಕೊಂಡು ಎಲ್ಲಾ ನಿಂತುಹೋಗಿರಬಹುದು.

ಪೈಪ್ ಕಟ್ಟಿಕೊಳ್ಳೋದು ಅಂದ್ರೆ ಅಪಧಮನಿಯಲ್ಲಿ ಹೆಪ್ಪು. ಹೃದಯದ ಬಡಿತ ತಾಳ ತಪ್ಪೋ ‘ಏಟ್ರಿಯಲ್ ಫಿಬ್ರಿಲೇಷನ್’ ಇದ್ದವರಲ್ಲಿ ಹೃದಯದ ಒಳಗೇ ರಕ್ತ ಹೆಪ್ಪುಗಟ್ಟುತ್ತೆ. ಅದರ ಒಂದು ತುಣುಕು ಹಾರಿ ಮೆದುಳಿಗೆ ಹೋದರೆ ಪಾರ್ಶ್ವವಾಯು, ಕರುಳಿನ ನಾಳಕ್ಕೆ ಹೋದರೆ ಕರುಳಿಗೆ ಆಘಾತ. ಬಾಲ್ಯದಲ್ಲಿ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಹಾಳಾದವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಈ ಅಪಾಯ ಹೆಚ್ಚು. ವರ್ಷಗಟ್ಟಲೆ ಕೊಬ್ಬು ಕೂತು ನಾಳ ಕಿರಿದಾಗಿ, ಕೊನೆಗೊಂದು ದಿನ ಅಲ್ಲೇ ಹೆಪ್ಪುಗಟ್ಟೋದೂ ಉಂಟು. ಅಂಥವರಲ್ಲಿ ಅದಕ್ಕೂ ಮುಂಚೆ ಒಂದು ಸುಳಿವು ಸಿಗಬಹುದು. ಊಟ ಮಾಡಿದ ಸ್ವಲ್ಪ ಹೊತ್ತಿಗೆ ಪ್ರತಿ ಸಲ ಹೊಟ್ಟೆನೋವು, ಅದಕ್ಕೆ ಹೆದರಿ ಊಟ ಬಿಡೋದು, ತೂಕ ಇಳಿಯೋದು.

ಒತ್ತಡ ಸಾಲದಿರೋದು ಅಂದ್ರೆ ನಾಳ ತೆರೆದೇ ಇದೆ, ಆದರೆ ರಕ್ತ ತಳ್ಳೋ ಶಕ್ತಿ ಇಲ್ಲ. ತೀವ್ರ ಸೋಂಕು, ಹೃದಯ ದುರ್ಬಲವಾಗಿರೋದು, ಡಯಾಲಿಸಿಸ್, ವಾಂತಿ-ಭೇದಿಯಿಂದ ನೀರಿನಂಶ ಕಳ್ಕೊಳ್ಳೋದು, ಇವೆಲ್ಲ ಕಾರಣ. ಮೋರಿ ಕಟ್ಟಿಕೊಳ್ಳೋದು ಅಂದ್ರೆ ಅಭಿಧಮನಿಯಲ್ಲಿ ಹೆಪ್ಪು. ರಕ್ತ ಒಳಗೆ ಬರುತ್ತೆ, ಹೊರಗೆ ಹೋಗಲ್ಲ. ಕರುಳು ಊದಿಕೊಳ್ಳುತ್ತೆ. ಇದು ಕಡಿಮೆ ವಯಸ್ಸಿನವರಲ್ಲೂ ಬರುತ್ತೆ. ರಕ್ತ ಬೇಗ ಹೆಪ್ಪುಗಟ್ಟೋ ಗುಣ ಹುಟ್ಟಿನಿಂದಲೇ ಇರೋರಲ್ಲಿ ವಿಶೇಷವಾಗಿ.

ಇವೆಲ್ಲದರಿಂದ ಎರಡು ಬೇರೆ ಬೇರೆ ಚಿತ್ರ ಕಾಣಿಸುತ್ತೆ. ಅದನ್ನ ಬೆರೆಸಬಾರದು.

ಮೊದಲನೇದು ‘ಇಸ್ಕೀಮಿಕ್ ಕೊಲೈಟಿಸ್’. ದೊಡ್ಡ ಕರುಳಿಗೆ ಸ್ವಲ್ಪ ಹೊತ್ತು ರಕ್ತ ಕಡಿಮೆಯಾಗಿ ಒಳಪದರ ಗಾಯವಾಗೋದು. ಎಡ ಹೊಟ್ಟೆಯಲ್ಲಿ ಹಿಡಿದಂಥ ನೋವು, ತಕ್ಷಣ ಟಾಯ್ಲೆಟ್‌ಗೆ ಹೋಗಬೇಕು ಅನಿಸೋದು, ಒಂದು ದಿನದೊಳಗೆ ಮಲದಲ್ಲಿ ರಕ್ತ. ನೋಡಿದ್ರೆ ಗಾಬರಿಯಾಗುತ್ತೆ. ಆದರೆ ಹೆಚ್ಚಿನವರು ಆಪರೇಷನ್ ಇಲ್ಲದೇ ಗುಣವಾಗ್ತಾರೆ. ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಬಲಭಾಗಕ್ಕೆ ಮಾತ್ರ ಏಟು ಬಿದ್ದಿದ್ರೆ ವೈದ್ಯರು ಹೆಚ್ಚು ಎಚ್ಚರ ವಹಿಸ್ತಾರೆ, ಯಾಕಂದ್ರೆ ಆ ಭಾಗದ ರಕ್ತ ಬರೋದು ಸಣ್ಣ ಕರುಳಿಗೆ ಹೋಗೋ ಅದೇ ದೊಡ್ಡ ನಾಳದಿಂದ.

ಎರಡನೇದು ‘ಅಕ್ಯೂಟ್ ಮೆಸೆಂಟರಿಕ್ ಇಸ್ಕೀಮಿಯಾ’. ಸಣ್ಣ ಕರುಳಿನ ಮುಖ್ಯ ನಾಳವೇ ಹಠಾತ್ತಾಗಿ ಕಟ್ಟಿಕೊಳ್ಳೋದು. ಇದು ಅಪರೂಪ, ಆದರೆ ಭಯಂಕರ. ಇದಕ್ಕೆ ತುತ್ತಾದವರಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಜನ ಉಳಿಯಲ್ಲ ಅಂತ ದಶಕಗಳ ಅನುಭವ ಹೇಳುತ್ತೆ. ಮುಖ್ಯ ಕಾರಣ ತಡ. ರಕ್ತ ಪೂರ್ತಿ ನಿಂತರೆ ಸುಮಾರು 6 ಗಂಟೆಯಲ್ಲಿ ಕರುಳಿನ ಗೋಡೆ ವಾಪಸ್ ಬಾರದಷ್ಟು ಹಾಳಾಗಬಹುದು.

ನೋವು ಜಾಸ್ತಿ, ಹೊಟ್ಟೆ ಮೆತ್ತಗೆ

ಈ ಎರಡನೇ ಕಾಯಿಲೆಯ ಗುರುತು ವಿಚಿತ್ರ. ರೋಗಿ ನೋವಿನಿಂದ ಒದ್ದಾಡ್ತಿರ್ತಾರೆ, ಆದರೆ ಹೊಟ್ಟೆ ಒತ್ತಿ ನೋಡಿದ್ರೆ ಮೆತ್ತಗಿರುತ್ತೆ. ಒಳಗಿನ ನೋವಿಗೂ ಹೊರಗಿನ ಪರೀಕ್ಷೆಗೂ ತಾಳೆಯೇ ಆಗಲ್ಲ. ಹೊಟ್ಟೆ ಗಟ್ಟಿಯಾಗಿ, ಮುಟ್ಟಿದ್ರೆ ಚೀರೋ ಹಂತ ಬರೋದು ಕರುಳು ಕೊಳೆಯೋಕೆ ಶುರುವಾದ ಮೇಲೆ. ಅದಕ್ಕೇ ‘ಹೊಟ್ಟೆ ಮೆತ್ತಗಿದೆ, ಏನೂ ಇಲ್ಲ’ ಅಂತ ಮನೆಯಲ್ಲಿ ನಾವೇ ತೀರ್ಮಾನ ಮಾಡಬಾರದು. ಹಿರಿಯರಲ್ಲಿ, ಸಕ್ಕರೆ ಕಾಯಿಲೆ ಇರೋರಲ್ಲಿ ನೋವು ಅಷ್ಟು ಜೋರಾಗಿ ಕಾಣದೇ, ಬರೀ ಗಲಿಬಿಲಿ, ಸುಸ್ತು ಅಂತಲೂ ಬರಬಹುದು.

ಪತ್ತೆ ಮಾಡೋದು ಹೇಗೆ? ಸಾಮಾನ್ಯ ಎಕ್ಸ್‌ರೇ, ಅಲ್ಟ್ರಾಸೌಂಡ್ ಸಾಲಲ್ಲ. ರಕ್ತನಾಳಕ್ಕೆ ಬಣ್ಣದ ಔಷಧ ಹಾಕಿ ಮಾಡೋ ಸಿಟಿ ಆಂಜಿಯೋಗ್ರಾಮ್ ಬೇಕು. ನಾಳ ಎಲ್ಲಿ ಕಟ್ಟಿದೆ, ಕರುಳಿನ ಗೋಡೆ ಜೀವಂತ ಇದೆಯಾ ಅನ್ನೋದು ಅದರಲ್ಲಿ ಕಾಣುತ್ತೆ. ಜೊತೆಗೆ ಇಸಿಜಿ ಮಾಡ್ತಾರೆ, ಬಡಿತ ತಾಳ ತಪ್ಪಿದೆಯಾ ನೋಡೋಕೆ. ರಕ್ತದಲ್ಲಿ ‘ಲ್ಯಾಕ್ಟೇಟ್’ ನೋಡ್ತಾರೆ. ಅದು ಏರಿದ್ರೆ ಆತಂಕದ ಸಂಗತಿ. ಆದರೆ ಮೊದಲ ಗಂಟೆಗಳಲ್ಲಿ ನಾರ್ಮಲ್ ಬಂದ್ರೆ ‘ಬಚಾವ್’ ಅನ್ನೋ ಹಾಗಿಲ್ಲ.

ಕೊಲೈಟಿಸ್ ಅನುಮಾನ ಇದ್ರೆ ಮಲ ಪರೀಕ್ಷೆ ಕೂಡ ಮುಖ್ಯ. ನಮ್ಮ ಊರಲ್ಲಿ ರಕ್ತಭೇದಿಗೆ ಅಮೀಬಾ, ಬ್ಯಾಕ್ಟೀರಿಯಾ ಸೋಂಕು ಕೂಡ ಸಾಮಾನ್ಯ ಕಾರಣ. ಹೊಟ್ಟೆ ಗಟ್ಟಿಯಾಗಿಲ್ಲ ಅಂದ್ರೆ ಒಂದೆರಡು ದಿನದೊಳಗೆ ಮೆಲ್ಲಗೆ ಕೊಲೊನೋಸ್ಕೋಪಿ ಮಾಡಿ ಒಳಪದರ ನೋಡಬಹುದು.

‘ಬರೀ ಡ್ರಿಪ್’ ಅಲ್ಲ, ಅದೇ ಚಿಕಿತ್ಸೆ

ಈಗ ವಾರ್ಡಿಗೆ ಬರೋಣ. ಆಸ್ಪತ್ರೆ ಕಾರಿಡಾರ್‌ನಲ್ಲಿ ನೀವು ಕೇಳಿರ್ತೀರಿ: ‘ಏನೂ ಮಾಡ್ತಿಲ್ಲ ಕಣ್ರೀ, ಬರೀ ಡ್ರಿಪ್ ಹಾಕಿ ಮಲಗಿಸಿದ್ದಾರೆ. ನೀರೂ ಕೊಡ್ಬೇಡಿ ಅಂತಾರೆ.’ ಕೋಪ ಸಹಜ. ಆದರೆ ಇಸ್ಕೀಮಿಕ್ ಕೊಲೈಟಿಸ್‌ನಲ್ಲಿ ಹೆಚ್ಚಿನವರನ್ನ ಉಳಿಸೋದು ಈ ‘ಏನೂ ಮಾಡದ’ ಚಿಕಿತ್ಸೆಯೇ. ಒಂದೊಂದನ್ನೇ ನೋಡೋಣ.

ಒಂದು, ಬಾಯಿಗೆ ಏನೂ ಇಲ್ಲ. ಆಹಾರ ಬಂದ ಕೂಡಲೇ ಕರುಳು ಕೆಲಸ ಶುರು ಮಾಡುತ್ತೆ, ಹೆಚ್ಚು ಆಮ್ಲಜನಕ ಕೇಳುತ್ತೆ. ಆದರೆ ಕೊಡೋಕೆ ರಕ್ತವೇ ಇಲ್ಲ. ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿ ವಿಶ್ರಾಂತಿ ಕೊಟ್ಟ ಹಾಗೆ ಕರುಳಿಗೂ ವಿಶ್ರಾಂತಿ. ‘ಪಾಪ, ಹಸಿದಿದ್ದಾರೆ’ ಅಂತ ನರ್ಸ್ ಕಣ್ಣು ತಪ್ಪಿಸಿ ಒಂದು ಇಡ್ಲಿ, ಎರಡು ಗುಟುಕು ಕಾಫಿ ಕೊಡೋರು ಇದ್ದಾರೆ. ಪ್ರೀತಿಯಿಂದಲೇ ಕೊಡ್ತಾರೆ. ಆದರೆ ಗಾಯಗೊಂಡ ಕರುಳಿಗೆ ಅದು ಭಾರ. ಜೊತೆಗೆ ಯಾವ ಕ್ಷಣದಲ್ಲಾದ್ರೂ ಆಪರೇಷನ್ ಬೇಕಾಗಬಹುದು; ಅರಿವಳಿಕೆ ಕೊಡುವಾಗ ಹೊಟ್ಟೆಯಲ್ಲಿ ಆಹಾರ ಇದ್ದರೆ ಅದು ಶ್ವಾಸಕೋಶಕ್ಕೆ ಹೋಗೋ ಅಪಾಯ ಇದೆ. ಬಾಯಿ ಒಣಗಿದ್ರೆ ತುಟಿ ಒದ್ದೆ ಮಾಡಬಹುದಾ ಅಂತ ನರ್ಸ್ ಹತ್ರ ಕೇಳಿ. ಅಷ್ಟು ಸಾಕು.

ಎರಡು, ಡ್ರಿಪ್. ಜನ ‘ಗ್ಲೂಕೋಸ್’ ಅಂತಾರೆ, ಆದರೆ ಇಲ್ಲಿ ಸಾಮಾನ್ಯವಾಗಿ ಹಾಕೋದು ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್‌ನಂಥ ಲವಣದ ದ್ರಾವಣ. ಗಾಯಗೊಂಡ ಕರುಳಿನ ಗೋಡೆಯೊಳಗೆ, ಹೊಟ್ಟೆಯೊಳಗೆ ನೀರು ಸೋರುತ್ತೆ. ಹೊರಗಿನಿಂದ ಕಾಣಲ್ಲ, ಆದರೆ ರಕ್ತನಾಳದಲ್ಲಿ ಇರಬೇಕಾದ ನೀರು ಖಾಲಿಯಾಗ್ತಿರುತ್ತೆ. ಅದನ್ನ ತುಂಬಿದ್ರೆ ಒತ್ತಡ ಏರುತ್ತೆ, ‘ಕೊನೆ ಗದ್ದೆ’ಗೂ ರಕ್ತ ಹರಿಯುತ್ತೆ. ಅಂದ್ರೆ ಇಲ್ಲಿ ಡ್ರಿಪ್ ಅನ್ನೋದು ಶಕ್ತಿಗೆ ಕೊಡೋ ಟಾನಿಕ್ ಅಲ್ಲ, ನೇರ ಚಿಕಿತ್ಸೆ. ಹಾಗಂತ ಸುಮ್ಮನೆ ಸುರಿಯೋ ಹಾಗೂ ಇಲ್ಲ. ಹೃದಯ, ಕಿಡ್ನಿ ದುರ್ಬಲ ಇದ್ರೆ ಜಾಸ್ತಿ ನೀರು ಶ್ವಾಸಕೋಶಕ್ಕೆ ತುಂಬುತ್ತೆ.

ಮೂರು, ಮೂತ್ರದ ಚೀಲ. ಅದರ ಅಳತೆಯನ್ನ ಗಂಟೆಗಂಟೆಗೆ ಯಾಕೆ ಬರ್ಕೊಳ್ತಾರೆ? ಕಿಡ್ನಿಗೆ ರಕ್ತ ಸರಿಯಾಗಿ ಹೋಗ್ತಿದ್ರೆ ಮೂತ್ರ ಬರುತ್ತೆ. 60 ಕೆ.ಜಿ. ತೂಕದವರಿಗೆ ಗಂಟೆಗೆ ಕನಿಷ್ಠ 30 ಎಂ.ಎಲ್. ಬರಬೇಕು ಅನ್ನೋದು ಲೆಕ್ಕ. ಅದು ಬರ್ತಿದ್ರೆ ಕರುಳಿಗೂ ರಕ್ತ ಹೋಗ್ತಿರಬಹುದು ಅನ್ನೋ ಭರವಸೆ.

ನಾಲ್ಕು, ಮೂಗಿನ ಟ್ಯೂಬ್. ಹೊಟ್ಟೆ ಉಬ್ಬರಿಸಿದ್ರೆ, ವಾಂತಿ ಆಗ್ತಿದ್ರೆ ಮೂಗಿನಿಂದ ಜಠರಕ್ಕೆ ಟ್ಯೂಬ್ ಹಾಕಿ ಒಳಗಿನ ಗಾಳಿ, ದ್ರವ ತೆಗೀತಾರೆ. ಕರುಳು ಉಬ್ಬಿದಷ್ಟೂ ಅದರ ಗೋಡೆಯ ಸಣ್ಣ ನಾಳಗಳು ಒತ್ತಿಹೋಗ್ತವೆ. ಇದು ಊಟ ಹಾಕೋ ಟ್ಯೂಬ್ ಅಂದ್ಕೊಂಡು ಗೊಂದಲ ಆಗೋದು ಬೇಡ.

ಐದು, ಆಮ್ಲಜನಕ, ನೋವಿನ ಔಷಧ, ಲವಣಗಳ ಸಮತೋಲನ. ‘ನೋವಿಗೆ ಔಷಧ ಕೊಟ್ರೆ ಕಾಯಿಲೆ ಮುಚ್ಚಿಹೋಗುತ್ತೆ’ ಅನ್ನೋದು ಹಳೇ ನಂಬಿಕೆ. ಈಗ ಆಸ್ಪತ್ರೆಗಳಲ್ಲಿ ನೋವು ತಗ್ಗಿಸಿಯೇ ಪರೀಕ್ಷೆ ಮಾಡ್ತಾರೆ. ಆದರೆ ಮನೆಯಲ್ಲಿ ನಾವೇ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಪೇನ್‌ಕಿಲ್ಲರ್ ಕೊಡೋದು ಬೇರೆ ವಿಷಯ. ಅವು ಕರುಳಿಗೂ ಕಿಡ್ನಿಗೂ ಹಾನಿ ಮಾಡಬಹುದು.

ಆರು, ನಿಲ್ಲಿಸೋ ಔಷಧಗಳು. ರಕ್ತನಾಳ ಬಿಗಿಯೋ ಮಾತ್ರೆಗಳನ್ನ ವೈದ್ಯರು ಹುಡುಕಿ ನಿಲ್ಲಿಸ್ತಾರೆ. ಐಸಿಯುನಲ್ಲಿ ಬಿಪಿ ಏರಿಸೋ ಔಷಧ ಬೇಕಾದ್ರೂ ಕರುಳಿನ ನಾಳ ಆದಷ್ಟು ಕಡಿಮೆ ಬಿಗಿಯೋದನ್ನ ನೋಡಿ ಕೊಡ್ತಾರೆ.

ಇನ್ನೊಂದು ವ್ಯತ್ಯಾಸ ನೆನಪಿಡಿ. ನಾಳದಲ್ಲಿ ಹೆಪ್ಪು ಇದೆ ಅಂತ ಗೊತ್ತಾದ್ರೆ, ರಕ್ತಸ್ರಾವದ ಅಪಾಯ ಇಲ್ಲದಿದ್ರೆ, ‘ಹೆಪರಿನ್’ ಶುರು ಮಾಡ್ತಾರೆ. ಆದರೆ ಮಾಮೂಲಿ ಇಸ್ಕೀಮಿಕ್ ಕೊಲೈಟಿಸ್‌ನಲ್ಲಿ ಅದು ಎಲ್ಲರಿಗೂ ಬೇಕಾಗಲ್ಲ. ಪಕ್ಕದ ಬೆಡ್‌ನವರಿಗೆ ಕೊಟ್ಟಿದ್ದಾರೆ, ನಮಗೆ ಯಾಕಿಲ್ಲ ಅಂತ ಹೋಲಿಸಬೇಡಿ.

ಹಾಗಾದ್ರೆ ಆಂಟಿಬಯೋಟಿಕ್ ಯಾಕೆ?

ಇದು ಇವತ್ತಿನ ಮುಖ್ಯ ಪ್ರಶ್ನೆ. ತೊಂದರೆ ಇರೋದು ರಕ್ತದ್ದು. ಸೋಂಕಿನ ಔಷಧಕ್ಕೆ ಇಲ್ಲೇನು ಕೆಲಸ?

ನಮ್ಮ ಕರುಳಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾ ಇವೆ. ಒಳಗೆ ಇದ್ದಾಗ ಅವು ಬಾಡಿಗೆದಾರರ ಹಾಗೆ ಶಾಂತವಾಗಿರ್ತವೆ, ನಮಗೆ ಉಪಕಾರವನ್ನೂ ಮಾಡ್ತವೆ. ಅವನ್ನ ರಕ್ತದಿಂದ ಬೇರೆ ಇಟ್ಟಿರೋದು ಕರುಳಿನ ತೆಳು ಒಳಪದರ. ಕರುಳಿನ ಗೋಡೆಯಲ್ಲಿ ಅತಿ ಹೆಚ್ಚು ಆಮ್ಲಜನಕ ಕೇಳೋದೂ ಅದೇ ಪದರ. ಹಾಗಾಗಿ ರಕ್ತ ಕಡಿಮೆಯಾದಾಗ ಮೊದಲು ಸಾಯೋದು ಅದೇ. ಕಾಂಪೌಂಡ್ ಗೋಡೆ ಬಿದ್ದುಹೋದ ಮೇಲೆ ಒಳಗಿನ ಬ್ಯಾಕ್ಟೀರಿಯಾ, ಅವುಗಳ ವಿಷ ರಕ್ತಕ್ಕೆ ದಾಟ್ತವೆ. ಇಡೀ ಮೈಗೆ ನಂಜೇರುತ್ತೆ. ನಂಜೇರಿದ್ರೆ ಬಿಪಿ ಕುಸಿಯುತ್ತೆ. ಬಿಪಿ ಕುಸಿದ್ರೆ ಕರುಳಿಗೆ ರಕ್ತ ಇನ್ನೂ ಕಡಿಮೆ. ಇದೊಂದು ವಿಷವರ್ತುಲ.

ಆಂಟಿಬಯೋಟಿಕ್ ಈ ವರ್ತುಲವನ್ನ ಒಂದು ಕಡೆ ಕಡಿಯೋಕೆ ಪ್ರಯತ್ನಿಸುತ್ತೆ. ಅದು ಕಟ್ಟಿದ ನಾಳ ತೆರೆಯಲ್ಲ, ಸತ್ತ ಕರುಳನ್ನ ಬದುಕಿಸಲ್ಲ. ಗೋಡೆ ರಿಪೇರಿ ಆಗೋವರೆಗೆ ಅಥವಾ ಸರ್ಜನ್ ಕೈಗೆ ತಲುಪೋವರೆಗೆ ಕಾವಲು ಕಾಯುತ್ತೆ, ಅಷ್ಟೇ. ಆದರೆ ಆ ‘ಅಷ್ಟೇ’ ಬಹಳ ದೊಡ್ಡದು.

ಎಲ್ಲರಿಗೂ ಬೇಕಾ? ಇಲ್ಲ. ಮೆಸೆಂಟರಿಕ್ ಇಸ್ಕೀಮಿಯಾ ಅಂದ್ರೆ ತಕ್ಷಣ, ರಕ್ತನಾಳಕ್ಕೇ ಕೊಡ್ತಾರೆ. ಮಧ್ಯಮ ಅಥವಾ ತೀವ್ರ ಕೊಲೈಟಿಸ್‌ಗೂ ಕೊಡೋದು ರೂಢಿ. ತೀರಾ ಸೌಮ್ಯವಾಗಿದ್ರೆ ಇಲ್ಲದೆಯೂ ನಡೆಯುತ್ತೆ. ಕರುಳಿನಲ್ಲಿ ಆಮ್ಲಜನಕ ಇದ್ದಾಗ ಬದುಕೋ ಬ್ಯಾಕ್ಟೀರಿಯಾವೂ ಇವೆ, ಇಲ್ಲದೇ ಬದುಕೋವೂ ಇವೆ. ಎರಡನ್ನೂ ತಡೀಬೇಕು. ಅದಕ್ಕೇ ಸಾಮಾನ್ಯವಾಗಿ ಸೆಫ್ಟ್ರಿಯಾಕ್ಸೋನ್ ಜೊತೆ ಮೆಟ್ರೊನಿಡಜೋಲ್, ಅಥವಾ ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಥರದ ಜೋಡಿ ಆರಿಸ್ತಾರೆ. ರೋಗಿಯ ಅಲರ್ಜಿ, ಕಿಡ್ನಿ, ಆ ಆಸ್ಪತ್ರೆಯಲ್ಲಿ ಯಾವ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತೆ ಅನ್ನೋದೆಲ್ಲ ನೋಡಿ ಇದು ಬದಲಾಗುತ್ತೆ.

ಪುರಾವೆ ಎಷ್ಟು ಗಟ್ಟಿ? ಇದನ್ನ ಮುಚ್ಚಿಡಬಾರದು. ಕರುಳಿನ ರಕ್ತ ತಡೆದಾಗ ಆಂಟಿಬಯೋಟಿಕ್ ಕೊಟ್ಟ ಪ್ರಾಣಿಗಳಲ್ಲಿ ಹಾನಿ ಕಡಿಮೆ ಅನ್ನೋದನ್ನ ಕಳೆದ ಶತಮಾನದ ಮಧ್ಯಭಾಗದಿಂದಲೇ ಪ್ರಯೋಗಗಳು ತೋರಿಸಿವೆ. ಆದರೆ ಮನುಷ್ಯರಲ್ಲಿ, ಅರ್ಧ ಜನಕ್ಕೆ ಕೊಟ್ಟು ಅರ್ಧ ಜನಕ್ಕೆ ಕೊಡದೆ ಹೋಲಿಸಿದ ಬಲವಾದ ಪುರಾವೆ ಇಲ್ಲ. 2015ರಲ್ಲಿ ಅಮೆರಿಕದ ಗ್ಯಾಸ್ಟ್ರೋಎಂಟರಾಲಜಿ ವೈದ್ಯರ ಸಂಘ ಮಾರ್ಗಸೂಚಿ ತಂದಾಗಲೂ ಮಧ್ಯಮ, ತೀವ್ರ ರೋಗಿಗಳಿಗೆ ಕೊಡಿ ಅಂತ ಹೇಳುತ್ತಲೇ ಪುರಾವೆಯ ಮಟ್ಟ ಬಹಳ ಕಡಿಮೆ ಅಂತ ಒಪ್ಪಿಕೊಂಡಿತು. ಕೊಡದೇ ಇದ್ದು ನಂಜೇರಿದ್ರೆ ಆಗೋ ನಷ್ಟ ದೊಡ್ಡದು ಅನ್ನೋ ಲೆಕ್ಕದ ಮೇಲೆ ವೈದ್ಯರು ಕೊಡ್ತಾರೆ. ಹಾಗಂತ ಎಷ್ಟು ದಿನ ಬೇಕಾದ್ರೂ ಎಳೆಯೋದಲ್ಲ. ರೋಗಿ ಚೇತರಿಸಿಕೊಳ್ತಿದ್ರೆ ಕೆಲವು ದಿನ, ಹೆಚ್ಚೆಂದ್ರೆ ಒಂದು ವಾರದ ಆಸುಪಾಸಿಗೆ ನಿಲ್ಲಿಸೋದು ಸಾಮಾನ್ಯ.

ಮೆಡಿಕಲ್ ಶಾಪ್‌ನ ಶಾರ್ಟ್‌ಕಟ್

‘ಆಸ್ಪತ್ರೆಯಲ್ಲೂ ಮೆಟ್ರೊನಿಡಜೋಲ್ ಕೊಡೋದಾದ್ರೆ, ಮೂಲೆಯ ಮೆಡಿಕಲ್ ಶಾಪ್‌ನಲ್ಲಿ ನಾವೇ ತಗೊಂಡು ಕೊಟ್ರೆ ಆಯ್ತಲ್ಲ?’ ಅಂತ ಯೋಚಿಸ್ತಿದ್ದೀರಾ? ಬೇಡ.

ಮೊದಲ ಕಾರಣ, ನೀವು ಕೊಟ್ಟ ಮಾತ್ರೆ ನಾಳ ತೆರೆಯಲ್ಲ, ಆದರೆ ‘ಔಷಧ ಕೊಟ್ಟಿದ್ದೀವಲ್ಲ’ ಅನ್ನೋ ಸಮಾಧಾನದಲ್ಲಿ ಗಂಟೆಗಳು ಕಳೀತವೆ. ಎರಡನೇದು, ಹಾಳಾದ ಕರುಳು ಬಾಯಿಂದ ಕೊಟ್ಟ ಮಾತ್ರೆಯನ್ನ ಸರಿಯಾಗಿ ಹೀರಿಕೊಳ್ಳಲ್ಲ. ಮೂರನೇದು, ಸುಮ್ಮನೆ ತಗೊಂಡ ಆಂಟಿಬಯೋಟಿಕ್ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಂದು, ‘ಕ್ಲೊಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್’ ಅನ್ನೋ ಬ್ಯಾಕ್ಟೀರಿಯಾಕ್ಕೆ ಜಾಗ ಮಾಡಿಕೊಡಬಹುದು. ಅದರಿಂದಲೂ ಭೇದಿ, ಕೊಲೈಟಿಸ್! ನಾಲ್ಕನೇದು ದೊಡ್ಡದು, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ. ಸೆಫ್ಟ್ರಿಯಾಕ್ಸೋನ್ ವರ್ಗದ ಔಷಧಗಳಿಗೆ ಭಾರತದ ಆಸ್ಪತ್ರೆಗಳಲ್ಲಿ ಸಿಗೋ ಇ. ಕೊಲೈನ ಬಹುಪಾಲು ಈಗ ಜಗ್ಗಲ್ಲ ಅಂತ ಐಸಿಎಂಆರ್ ವರದಿಗಳು ವರ್ಷ ವರ್ಷ ತೋರಿಸ್ತಿವೆ. ಇ. ಕೊಲೈ ಅಂದ್ರೆ ನಮ್ಮ ಕರುಳಲ್ಲೇ ಇರೋ ಬ್ಯಾಕ್ಟೀರಿಯಾ. ಗೋಡೆ ಬಿದ್ದಾಗ ಮೊದಲು ರಕ್ತಕ್ಕೆ ನುಗ್ಗೋವರಲ್ಲಿ ಅದೂ ಒಂದು. ಇವತ್ತು ನೆಗಡಿಗೆ ನುಂಗಿದ ಮಾತ್ರೆ, ನಾಳೆ ನಿಜಕ್ಕೂ ಬೇಕಾದಾಗ ಕೈಕೊಡೋದು ಹೀಗೆ.

ಕಾನೂನೂ ಇದೆ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರೋ ‘ಶೆಡ್ಯೂಲ್ ಎಚ್1’ ಪ್ರಕಾರ ಈ ಮೂರನೇ ತಲೆಮಾರಿನ ಸೆಫಲೋಸ್ಪೊರಿನ್‌ಗಳು, ಕಾರ್ಬಾಪೆನೆಮ್‌ಗಳಂಥ ಔಷಧಗಳನ್ನ ವೈದ್ಯರ ಚೀಟಿ ಇಲ್ಲದೇ ಮಾರುವಂತಿಲ್ಲ; ಅಂಗಡಿಯವರು ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಟ್ಟಿರಬೇಕು. ಸ್ಟ್ರಿಪ್ ಮೇಲಿನ ಕೆಂಪು ಗೆರೆ ಇದನ್ನೇ ನೆನಪಿಸೋದು.

ಇದರ ಜೊತೆ ಇನ್ನೊಂದು. ರಕ್ತಭೇದಿ ಇದ್ದಾಗ ಭೇದಿ ನಿಲ್ಲಿಸೋ ಲೊಪೆರಮೈಡ್ ಕೊಡಬೇಡಿ. ಹೊಟ್ಟೆ ಕಟ್ಟಿದೆ ಅಂತ ಜುಲಾಬು, ಎನಿಮಾ ಕೊಡೋದೂ ಬೇಡ. ಎರಡೂ ಗಾಯಗೊಂಡ ಕರುಳಿಗೆ ಅಪಾಯ.

ಡ್ರಿಪ್ ಸಾಲದಾದಾಗ

ಕೊಲೈಟಿಸ್‌ನಲ್ಲಿ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ನೋವು, ರಕ್ತ ಕಡಿಮೆಯಾಗುತ್ತೆ. ಒಂದೆರಡು ವಾರದಲ್ಲಿ ಒಳಪದರ ಮತ್ತೆ ಬೆಳೆಯುತ್ತೆ. ಈ ದಿನಗಳಲ್ಲಿ ವೈದ್ಯರು ಪದೇ ಪದೇ ಬಂದು ಹೊಟ್ಟೆ ಒತ್ತಿ ನೋಡ್ತಾರಲ್ಲ, ಅದೇ ಅತಿ ಮುಖ್ಯ ಪರೀಕ್ಷೆ. ಹೊಟ್ಟೆ ಹಲಗೆಯಂತೆ ಗಟ್ಟಿಯಾದ್ರೆ, ಜ್ವರ ಏರಿದ್ರೆ, ಬಿಪಿ ಇಳಿದ್ರೆ, ಲ್ಯಾಕ್ಟೇಟ್ ಹೆಚ್ಚಿದ್ರೆ ಕಾಯೋ ಹಾಗಿಲ್ಲ. ಸತ್ತ ಕರುಳನ್ನ ತೆಗೀಲೇಬೇಕು.

ಮೆಸೆಂಟರಿಕ್ ಇಸ್ಕೀಮಿಯಾದಲ್ಲಿ ಗುರಿ ಇನ್ನೂ ಮುಂಚಿನದು: ಕರುಳು ಸಾಯೋ ಮೊದಲೇ ನಾಳ ತೆರೆಯೋದು. ತೊಡೆಯ ಅಥವಾ ಕೈಯ ನಾಳದಿಂದ ಕ್ಯಾಥೆಟರ್ ಕಳಿಸಿ ಹೆಪ್ಪು ತೆಗೆಯಬಹುದು, ಸ್ಟೆಂಟ್ ಹಾಕಬಹುದು, ಇಲ್ಲವೇ ಹೊಟ್ಟೆ ತೆರೆದು ತೆಗೀಬಹುದು. ಮೊದಲ ಆಪರೇಷನ್ ಆದ 24ರಿಂದ 48 ಗಂಟೆಯಲ್ಲಿ ಮತ್ತೆ ಹೊಟ್ಟೆ ತೆರೆದು ನೋಡೋದೂ ಉಂಟು. ಅದು ಮೊದಲ ಸಲ ಏನೋ ತಪ್ಪಾಗಿದ್ದಕ್ಕಲ್ಲ. ಅನುಮಾನದ ಕರುಳಿಗೆ ಬದುಕೋಕೆ ಒಂದು ಅವಕಾಶ ಕೊಟ್ಟು, ಎಷ್ಟು ಉಳಿದಿದೆ ಅಂತ ನೋಡೋಕೆ. ಸಣ್ಣ ಕರುಳಿನ ಒಂದೊಂದು ಅಡಿಯೂ ಅಮೂಲ್ಯ. 2 ಮೀಟರ್‌ಗಿಂತ ಕಡಿಮೆ ಉಳಿದ್ರೆ ಉಂಡ ಆಹಾರ ಮೈಗೆ ಹತ್ತದೆ, ರಕ್ತನಾಳದ ಮೂಲಕವೇ ಪೋಷಣೆ ಕೊಡಬೇಕಾಗಬಹುದು.

ನಮ್ಮ ವಯಸ್ಸಿನವರಿಗೂ ಬರುತ್ತಾ?

ಹೆಚ್ಚಾಗಿ ಬರೋದು 60 ದಾಟಿದವರಿಗೆ. ಆದರೆ ಯುವಜನರಿಗೂ ಬರಬಹುದು. ಕೊಕೇನ್‌ನಂಥ ಮಾದಕ ವಸ್ತು ಕರುಳಿನ ನಾಳವನ್ನ ಬಿಗಿಯುತ್ತೆ. ಮೈಗ್ರೇನ್‌ನ ಕೆಲವು ಮಾತ್ರೆಗಳು, ಮೂಗು ಕಟ್ಟಿದಾಗ ತಗೊಳ್ಳೋ ಸ್ಯೂಡೋಎಫೆಡ್ರಿನ್, ಈಸ್ಟ್ರೊಜೆನ್ ಇರೋ ಗರ್ಭನಿರೋಧಕ ಮಾತ್ರೆಗಳಲ್ಲೂ ಸಣ್ಣ ಅಪಾಯ ದಾಖಲಾಗಿದೆ. ಹೆದರಿ ನಿಲ್ಲಿಸೋದು ಬೇಡ, ಆದರೆ ಹೊಟ್ಟೆನೋವಿನ ಜೊತೆ ಮಲದಲ್ಲಿ ರಕ್ತ ಬಂದ್ರೆ ಈ ಮಾತ್ರೆಗಳ ಹೆಸರು ವೈದ್ಯರಿಗೆ ಹೇಳಿ. ಸ್ಯಾಂಕಿ ಕೆರೆ ಸುತ್ತ ಓಡಿ ಮ್ಯಾರಥಾನ್‌ಗೆ ತಯಾರಾಗೋರಿಗೂ ಒಂದು ಮಾತು. ಜೋರಾಗಿ ದೂರ ಓಡುವಾಗ ರಕ್ತ ಕಾಲಿನ ಸ್ನಾಯುಗಳಿಗೆ ಹರಿಯುತ್ತೆ, ಕರುಳಿನ ಪಾಲು ತೀರಾ ಇಳಿಯುತ್ತೆ. ನೀರು ಕುಡಿಯದೇ, ಮೇಲೆ ಪೇನ್‌ಕಿಲ್ಲರ್ ನುಂಗಿ ಓಡೋ ಅಭ್ಯಾಸ ಬಿಡಿ.

ಮನೆಯ ಹಿರಿಯರ ವಿಷಯ. ವೈಕುಂಠ ಏಕಾದಶಿ ದಿನ ವೈಯಾಲಿಕಾವಲ್‌ನ ಟಿಟಿಡಿ ದೇವಸ್ಥಾನದ ಮುಂದಿನ ಸಾಲು ಎಲ್ಲರಿಗೂ ಗೊತ್ತು. ಉಪವಾಸ ಅವರವರ ನಂಬಿಕೆ. ಆದರೆ ಹೃದಯದ ಕಾಯಿಲೆ ಇದ್ದು, ಬಿಪಿ ಮಾತ್ರೆ ಜೊತೆ ಮೂತ್ರ ಹೆಚ್ಚಿಸೋ ಮಾತ್ರೆಯನ್ನೂ ತಗೊಳ್ಳೋರು ನೀರೂ ಕುಡಿಯದೇ ಗಂಟೆಗಟ್ಟಲೆ ನಿಂತರೆ ಬಿಪಿ ಇಳಿಯಬಹುದು. ಮೊದಲೇ ವೈದ್ಯರನ್ನ ಕೇಳಿ. ಹಾಗೇ, ರಕ್ತ ತೆಳುವಾಗಿಸೋ ಮಾತ್ರೆಯನ್ನ ‘ಹಲ್ಲು ಕೀಳಿಸ್ಬೇಕು’, ‘ಮಾತ್ರೆ ಜಾಸ್ತಿ ಆಯ್ತು’ ಅಂತ ತಮ್ಮಷ್ಟಕ್ಕೆ ನಿಲ್ಲಿಸೋದು ಬಹಳ ಅಪಾಯ. ಹೆಪ್ಪು ಹಾರೋದು ಅಂಥ ಸಂದರ್ಭದಲ್ಲೇ.

ಫೋನ್‌ನಲ್ಲಿ ಇವತ್ತೇ ಮಾಡಿಕೊಳ್ಳಿ

ಮನೆಯ ಹಿರಿಯರ ಎಲ್ಲಾ ಮಾತ್ರೆ ಸ್ಟ್ರಿಪ್‌ಗಳ ಫೋಟೊ ತೆಗೆದು ಒಂದು ಫೋಲ್ಡರ್‌ನಲ್ಲಿಡಿ. ಹಳೇ ಇಸಿಜಿ, ಎಕೋ ರಿಪೋರ್ಟ್, ಕೊನೆಯ ಕ್ರಿಯಾಟಿನಿನ್, ಔಷಧದ ಅಲರ್ಜಿ ಅದರಲ್ಲೇ ಇರಲಿ. ಬಣ್ಣದ ಔಷಧ ಹಾಕೋ ಸಿಟಿಗೆ ಕಿಡ್ನಿ ಹೇಗಿದೆ ಅಂತ ಕೇಳೇ ಕೇಳ್ತಾರೆ.

ಹೃದಯದ ತೊಂದರೆ ಇರೋರಿಗೆ ಇದ್ದಕ್ಕಿದ್ದಂತೆ ಜೋರು ಹೊಟ್ಟೆನೋವು ಬಂದ್ರೆ, ಮಲದಲ್ಲಿ ರಕ್ತ ಕಂಡ್ರೆ, ನೋವಿನ ಜೊತೆ ತಲೆಸುತ್ತು, ಬೆವರು, ಗಲಿಬಿಲಿ ಇದ್ರೆ 108ಕ್ಕೆ ಕರೆ ಮಾಡಿ. ನೋವು ಎಷ್ಟು ಗಂಟೆಗೆ ಶುರುವಾಯ್ತು ಅಂತ ಬರೆದಿಟ್ಟುಕೊಳ್ಳಿ. ವೈಯಾಲಿಕಾವಲ್ ಸುತ್ತಮುತ್ತಲಿನವರಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆ ಮಲ್ಲೇಶ್ವರದ ಕೆ.ಸಿ. ಜನರಲ್. ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ವಿಕ್ಟೋರಿಯಾ ಆವರಣದಲ್ಲಿ ಸರ್ಕಾರದ್ದೇ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ ಇದೆ. ಯಾವ ಆಸ್ಪತ್ರೆಗೆ ಹೋದ್ರೂ ಕೇಳಬೇಕಾದ ಪ್ರಶ್ನೆ ಒಂದೇ: ‘ಇವರಿಗೆ ಕರುಳಿನ ರಕ್ತನಾಳದ ತೊಂದರೆ ಇರಬಹುದಾ, ಸಿಟಿ ಆಂಜಿಯೋ ಬೇಕಾ?’ ವಿನಯವಾಗಿ ಕೇಳಿ. ಅಡ್ಮಿಟ್ ಆದ ಮೇಲೆ ದಿನಕ್ಕೊಮ್ಮೆ ಕೇಳಿ: ಇವತ್ತು ಹೊಟ್ಟೆ ಹೇಗಿದೆ, ಮೂತ್ರ ಎಷ್ಟು ಬಂತು, ಆಂಟಿಬಯೋಟಿಕ್ ಯಾವಾಗ ನಿಲ್ಲಿಸ್ತೀರಿ?

ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶ ಇದೆ. ಆಸ್ಪತ್ರೆಯ ಆರೋಗ್ಯ ಮಿತ್ರರನ್ನ ಮೊದಲ ದಿನವೇ ವಿಚಾರಿಸಿ. ಖರ್ಚಿನ ಯೋಚನೆಯಲ್ಲಿ ಹೊರಡೋದನ್ನ ತಡ ಮಾಡಬೇಡಿ.

ಈ ಸಂಚಿಕೆ ಮಾಹಿತಿಗಾಗಿ ಮಾತ್ರ. ಔಷಧ, ಪ್ರಮಾಣ, ಆಪರೇಷನ್ ಎಲ್ಲವನ್ನೂ ರೋಗಿಯನ್ನ ಕಣ್ಣಾರೆ ನೋಡಿದ ವೈದ್ಯರೇ ತೀರ್ಮಾನಿಸಬೇಕು. ನಿಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ಇದನ್ನ ಹಂಚಿಕೊಳ್ಳಿ, ಗುಡ್ ಮಾರ್ನಿಂಗ್ ಮೆಸೇಜ್‌ಗಳ ನಡುವೆ ಒಂದು ಉಪಯೋಗದ ಮೆಸೇಜ್ ಇರಲಿ.